ಗೇಟಿನ ಹೊರಗಿನ ಕೌದಿ

ಬೆಟಗೇರಿ

ಕೌದಿಯನ್ನು ಮಡಿಚಿದಷ್ಟೂ ಅದು ದೊಡ್ಡದಾಗುತ್ತದೆ. ನಂಬದವರು ಒಂದನ್ನು ವಿಮಾನದ ಪೆಟ್ಟಿಗೆಯಲ್ಲಿ ತುಂಬಿ ನೋಡಬೇಕು. ನಾನು ಮೊಣಕಾಲೂರಿ ಒತ್ತಿದೆ, ಪೆಟ್ಟಿಗೆಯ ಮೇಲೆ ಕುಳಿತೆ, ಬೈದೆ. ಕಡೆಗೆ ಪಕ್ಕದ ಮನೆಯ ಗಂಗವ್ವನನ್ನು ಕರೆದು ಅವಳನ್ನೂ ಮೇಲೆ ಕೂರಿಸಿ ಚೈನು ಎಳೆದೆ.

“ಅಲ್ರೀ ಟೀಚರ, ಜರ್ಮನ್ಯಾಗ ಹಾಸಿಗಿ ಇರೂದಿಲ್ಲೇನ್ರಿ?” ಎಂದಳು ಗಂಗವ್ವ, ಪೆಟ್ಟಿಗೆಯ ಮೇಲಿಂದ ಇಳಿಯದೆ.

“ಹಾಸಿಗಿ ಇರ್ತಾವವಾ. ಅವ್ವ ಇರೂದಿಲ್ಲ” ಎಂದೆ. ಅವಳು ಇಳಿದು ಸೆರಗಿನಿಂದ ಪೆಟ್ಟಿಗೆ ಒರೆಸಿದಳು.

ನನ್ನ ತಂಗಿ ನೀಲಾ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯವನೇ ಆದ ಥಾಮಸ್ ಎಂಬ ಬಡಿಗನನ್ನು ಮದುವೆಯಾಗಿದ್ದಾಳೆ. ಎರಡು ಸಲ ಬಸಿರು ನಿಲ್ಲದೆ ಹೋಗಿ, ವಯಸ್ಸು ನಲವತ್ತರ ಹತ್ತಿರ ಬಂದಾಗ ಈ ಸಲ ನಿಂತಿತ್ತು. ಅದೇ ಹೊತ್ತಿಗೆ, ದೀಪಾವಳಿಯ ಹಿಂದುಮುಂದು, ಇಲ್ಲಿ ಅವ್ವ ತೀರಿಕೊಂಡಳು. ಅಲುಗಾಡಬೇಡ ಎಂದು ಡಾಕ್ಟರು ಹೇಳಿದ್ದರಿಂದ ನೀಲಾ ಮಣ್ಣಿಗೆ ಬರಲಿಲ್ಲ. ಫೋನಿನ ಪರದೆಯಲ್ಲಿ ಅವ್ವನ ಮುಖ ನೋಡಿದಳು, ಅಷ್ಟೇ. ಈಗ ಬಾಣಂತನಕ್ಕೆ ಅವ್ವನ ಬದಲು ನಾನು ಹೊರಟಿದ್ದೆ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು ನಾನು. ಬೇಸಿಗೆ ಸೂಟಿ ಹೊತ್ತಿಗೆ ಸರಿಯಾಗಿ ಬಂದು ಪುಣ್ಯ ಕಟ್ಟಿಕೊಂಡಿತ್ತು.

ಆ ಕೌದಿ ಅವ್ವ ನೀಲಾಳ ಕೂಸಿಗೆಂದೇ ಹೊಲಿದದ್ದು. ಅದೂ ಕೂಸಿನ ಸುದ್ದಿಯೇ ಇಲ್ಲದ ವರ್ಷಗಳಲ್ಲಿ. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲದಂಗಾತು ನಿಂದು” ಎಂದು ಓಣಿಯವರು ಆಡಿಕೊಂಡರೆ ಅವ್ವ ಸೂಜಿಯಿಂದ ಕಣ್ಣೆತ್ತದೆ, “ಕುಲಾವಿ ಅಲ್ಲವಾ, ಕೌದಿ. ಕೂಸು ಬರೂತನಾ ನಾ ಹೊಚ್ಚಿಕೊಂಡಿರ್ತೀನಿ” ಅನ್ನುತ್ತಿದ್ದಳು. ಹಾಗೇ ಹೊದ್ದುಕೊಂಡೇ ಇದ್ದಳು, ಕಡೆಯವರೆಗೂ.

ನಡುವಿನ ಕೆಂಪು ಚೌಕ ಬೆಟಗೇರಿಯ ಮಗ್ಗದ್ದು, ಅವ್ವನ ಧಾರೆಯ ಸೀರೆ. ಅದರ ಪಕ್ಕ ಲಕ್ಷ್ಮೇಶ್ವರದ ಸೋದರತ್ತೆಯ ಗಿಳಿಹಸಿರು. ಕೆಳಗೆ ಶಿರಹಟ್ಟಿಯ ದೊಡ್ಡವ್ವನ ಸೀರೆಯ ಬೂದು ಬಣ್ಣ. ಮುಂಡರಗಿಯ ಚಿಗವ್ವನದು ಹಳದಿ ಹೂವಿನ ವಾಯಿಲು. ಅಂಚಿಗೆ ಸುತ್ತಲೂ ಹರ್ತಿಯ ಅಜ್ಜಿಯ ಕರಿ ಚಂದ್ರಕಾಳಿ ಸೀರೆ. ಹೊದ್ದು ಮಲಗಿದರೆ ಅಷ್ಟೂ ಹೆಂಗಸರು ಬಂದು ಎದೆಯ ಮೇಲೆ ಕುಳಿತಷ್ಟು ಭಾರ. ಅದರ ಮಡಿಕೆಯ ನಡುವೆ, ಒಡೆಯಬಾರದೆಂದು, ಮಾವಿನ ಉಪ್ಪಿನಕಾಯಿಯ ಬಾಟಲಿ ಇಟ್ಟೆ. ಈ ಪ್ರವಾಸದಲ್ಲಿ ನಾನು ತೋರಿದ ಮೊದಲ ಶಾಣ್ಯಾತನ ಅದು.

ಇಳಿದ ದಿನ

ಆ ಊರಿನಲ್ಲಿ ಸಂಜೆ ಮುಗಿಯುವುದೇ ಇಲ್ಲ. ಊಟವಾಗಿ, ಪಾತ್ರೆ ತೊಳೆದಾಗಿ, ಮಾತೆಲ್ಲ ಆಡಿ ಮುಗಿದ ಮೇಲೂ ಕಿಟಕಿಯ ಹೊರಗೆ ಹಾಲು ಕಲಸಿದಂಥ ಬೆಳಕು ನಿಂತೇ ಇತ್ತು. ನನ್ನ ಮೈ ಇನ್ನೂ ಗದಗಿನ ಗಡಿಯಾರದಲ್ಲೇ ಇದ್ದುದರಿಂದ ಕುಳಿತಲ್ಲೇ ಕಣ್ಣು ಮುಚ್ಚುತ್ತಿತ್ತು. ಮುಚ್ಚಿದರೆ ಬೆಟಗೇರಿ, ತೆರೆದರೆ ಜರ್ಮನಿ. ಒಂದೆರಡು ದಿನ ನಾನು ಎರಡೂ ಕಡೆ ಇದ್ದೆ; ಸರಿಯಾಗಿ ಎಲ್ಲಿಯೂ ಇರಲಿಲ್ಲ.

ನೀಲಾ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಅಳಬಾರದೆಂದು ಮೊದಲೇ ಠರಾವು ಮಾಡಿಕೊಂಡಿದ್ದೆವು; ಹಾಗಾಗಿ ವಿಮಾನದ ಊಟದ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಥಾಮಸ್ ತನಗೆ ಬರುವ ಒಂದೇ ಕನ್ನಡ ಮಾತನ್ನು ನನ್ನ ಪ್ರತಿ ಮಾತಿಗೂ ಬಳಸಿದ: “ಹೌದ್ರಿ.” ಪೆಟ್ಟಿಗೆ ಒಯ್ಯಲೇ ಎಂದರೂ ಹೌದ್ರಿ, ನಿನಗೆ ಹಸಿವೆಯೇ ಎಂದರೂ ಹೌದ್ರಿ. ನನಗೆ ಬಹಳ ಸೇರಿದ.

ಪೆಟ್ಟಿಗೆ ತೆಗೆದರೆ ಘಮ್ಮೆಂದಿತು. ಉಪ್ಪಿನಕಾಯಿ ತನ್ನ ಎಣ್ಣೆಯನ್ನು ಕೌದಿಯ ಒಂದು ಮೂಲೆಗೆ ಧಾರಾಳವಾಗಿ ಕುಡಿಸಿತ್ತು. ಮುಂಡರಗಿಯ ಚಿಗವ್ವನ ಹಳದಿ ಹೂವುಗಳೆಲ್ಲ ಕೆಂಪಾಗಿದ್ದವು.

“ಅಯ್ಯ ನನ ಕರ್ಮವೇ! ಈಗಿಂದೀಗ ತೊಳದು ಹಾಕ್ತೀನಿ ತಡಿ” ಎಂದೆ.

ನೀಲಾ ಕೌದಿಯನ್ನು ಕೈಯಿಂದ ಕಸಿದುಕೊಂಡಳು. ಎಣ್ಣೆ ತಾಗದ ಕಡೆ ಮುಖ ಒತ್ತಿ ಬಹಳ ಹೊತ್ತು ಹಾಗೇ ಇದ್ದಳು. ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಅವ್ವ ಮೂಗಿಗೇರಿಸುತ್ತಿದ್ದ ನಶ್ಯ, ಇನ್ನೂ ಏನೇನೋ. ನನಗೆ ದಿನಾ ಇದ್ದದ್ದೇ ಆದ್ದರಿಂದ ಆ ವಾಸನೆ ನನ್ನ ಮೂಗಿಗೆ ಎಂದೂ ಬೇರೆಯಾಗಿ ಬಿದ್ದಿರಲಿಲ್ಲ.

“ತೊಳೀಬ್ಯಾಡಕ್ಕಾ” ಎಂದಳು, ಮುಖ ಎತ್ತದೆ. “ಅವ್ವ ಇದರಾಗ ಅದಾಳ. ನನ್ನ ಕೂಸಿಗೆ ಅವ್ವನ ವಾಸನಿ ಇಷ್ಟ ಉಳದದ ನೋಡು. ಹುಟ್ಟಿದ ಕೂಡ್ಲೆ ಇದರಾಗ ಸುತ್ತೂದು.”

ಆತು ಎಂದೆ. ಕಲೆಗೆ ಕಡಲೆಹಿಟ್ಟು ಉದುರಿಸಿ, ಬಿಸಿಲು ಬಿದ್ದ ದಿನ ಹಾಕಿದರೆ ಎಣ್ಣೆ ಹೀರುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಬಿಸಿಲು ಎಲ್ಲಿತ್ತು? ಊರಿನ ಮೇಲೆ ಮುಗಿಲು ಒದ್ದೆ ಅರಿವೆಯ ಹಾಗೆ ಕವಿದುಕೊಂಡಿತ್ತು.

ಹೆಲ್ಗಾ ಬಾಯಿಯ ಡಬ್ಬಿಗಳು

ಮೇಲಿನ ಮನೆಯಲ್ಲಿ ಹೆಲ್ಗಾ ಎಂಬ ವಿಧವೆ ಇದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಕೋಲಿನಂತೆ ನೆಟ್ಟಗೆ. ಅರ್ಧಮರ್ಧ ಇಂಗ್ಲಿಷು ಅವರಿಗೂ ಬರುತ್ತಿತ್ತು, ನನಗೂ ಬರುತ್ತಿತ್ತು; ಆದರೆ ಇಬ್ಬರ ಅರ್ಧಗಳೂ ಬೇರೆ ಬೇರೆ. ನಾನು ಅವರನ್ನು ಹೆಲ್ಗಾ ಬಾಯಿ ಎಂದು ಕರೆದೆ. ಅವರು ಬೇಡವೆನ್ನಲಿಲ್ಲ.

ಮನೆಯ ಹಿಂದಿನ ಕಂದು, ನೀಲಿ, ಹಳದಿ, ಕರಿ ಡಬ್ಬಿಗಳಿಗೆ ಅವರೇ ದ್ವಾರಪಾಲಕರು. ನನಗೆ ಹೆದರಿಕೆ ಏನೂ ಇರಲಿಲ್ಲ. ನಮ್ಮ ಶಾಲೆಯ ಗೋಡೆಗೆ ‘ಹಸಿ ಕಸ, ಒಣ ಕಸ’ ಎಂದು ಬರೆಸಿದವಳು ನಾನೇ. ಕಡಿಮೆ ಬಳಕೆ, ಮರುಬಳಕೆ, ಮರುಸಂಸ್ಕರಣೆ ಎಂಬ ಪದಗಳ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿ, ಒತ್ತಕ್ಷರ ತಪ್ಪಿದವರ ಕಿವಿ ಹಿಂಡಿದವಳೂ ನಾನೇ. ಮುಂಜಾನೆ ಚಹಾ ಕುಡಿದು, ಚಹಾದ ಪುಟ್ಟ ಚೀಲವನ್ನು ಹಸಿ ಕಸದ ಕಂದು ಡಬ್ಬಿಗೆ ಹಾಕಿ, ದೊಡ್ಡ ಕೆಲಸ ಮಾಡಿದವಳಂತೆ ಕೈ ಝಾಡಿಸಿದೆ.

ಹೆಲ್ಗಾ ಬಾಯಿ ಅದನ್ನು ಎರಡು ಬೆರಳಲ್ಲಿ ಹೊರಗೆತ್ತಿದರು. ಚೀಲ ಹರಿದು ಸೊಪ್ಪನ್ನು ಕಂದು ಡಬ್ಬಿಗೆ ಉದುರಿಸಿದರು. ದಾರ ಕರಿ ಡಬ್ಬಿಗೆ. ದಾರದ ತುದಿಯ ಚೀಟಿ ಕಾಗದದ ನೀಲಿ ಡಬ್ಬಿಗೆ. ಒಂದು ಇರುವೆಯಷ್ಟು ಪಿನ್ನಿತ್ತು; ಅದನ್ನು ಅಂಗೈಯಲ್ಲಿಟ್ಟುಕೊಂಡು, ಹಳದಿಗೆ ಹಾಕಿ, ನನ್ನ ಕಡೆ ತಿರುಗಿ ನಕ್ಕರು.

“ಯವ್ವಾ, ಒಂದ ಕಪ್ ಚಹಾಕ್ಕ ಇಷ್ಟ ಕ್ರಿಯಾಕರ್ಮ?” ಎಂದು ನೀಲಾಗೆ ಹೇಳಿದರೆ ಅವಳು ಹೊಟ್ಟೆ ಹಿಡಿದು ನಕ್ಕಳು. “ನಗಿಸಬ್ಯಾಡ ಅಕ್ಕಾ, ಇಲ್ಲೇ ಹಡದೇನಿ!”

ಕರಿ ಡಬ್ಬಿಗೆ ಅವರು ಹೇಳುವ ಹೆಸರಿನ ಅರ್ಥ ‘ಉಳಿಕೆ ಕಸ’. ಹಸಿಯಲ್ಲ, ಕಾಗದವಲ್ಲ, ಗಾಜಲ್ಲ, ಡಬ್ಬವಲ್ಲ; ಯಾವ ಗುಂಪಿಗೂ ಸೇರದೆ ಉಳಿದದ್ದು. ಆ ಪದ ನನ್ನನ್ನು ಹಿಡಿದುಕೊಂಡಿತು. ಅವ್ವನ ಮನೆಯಲ್ಲಿ ಉಳಿಕೆ ಎಂಬುದೇ ಇರಲಿಲ್ಲವಲ್ಲ ಅನ್ನಿಸಿತು. ಸೀರೆ ಹಿಂಜಿದರೆ ನಡು ಹರಿದು ಅಂಚಿಗೆ ಅಂಚು ಕೂಡಿಸಿ ಮತ್ತೆ ಉಡುತ್ತಿದ್ದಳು. ಆಮೇಲೆ ಅದು ನಮ್ಮ ಲಂಗ, ತಲೆದಿಂಬಿನ ಚೀಲ, ಕೌದಿಯ ಚೌಕ. ಕೌದಿಯೂ ಹರಿದರೆ ನೆಲ ಒರೆಸುವ ಅರಿವೆ, ಒಲೆಯಿಂದ ಪಾತ್ರೆ ಇಳಿಸುವ ಮಸಿ ಅರಿವೆ. ಮಸಿ ಅರಿವೆ ಚಿಂದಿಯಾದಾಗ ಸೆಗಣಿಯ ಜೊತೆ ತಿಪ್ಪೆಗೆ, ತಿಪ್ಪೆಯಿಂದ ಹರ್ತಿಯ ಹೊಲಕ್ಕೆ. ಅಲ್ಲಿ ಬೆಳೆದ ಹತ್ತಿ ಮತ್ತೆ ಎಲ್ಲಿಯೋ ಸೀರೆಯಾಗುತ್ತಿತ್ತು. ಶಾಲೆಯ ಗೋಡೆಯ ಮೇಲೆ ನಾನು ಬರೆಸಿದ್ದ ಅಷ್ಟೂ ಪದಗಳನ್ನು ಅವ್ವ ಒಂದೂ ಉಚ್ಚರಿಸದೆ ಮಾಡಿ ಮುಗಿಸಿದ್ದಳು. ಇದನ್ನೆಲ್ಲ ಹೆಲ್ಗಾ ಬಾಯಿಗೆ ಬಹಳ ಹೆಮ್ಮೆಯಿಂದ ಹೇಳಿದೆ. ನಮ್ಮ ಓಣಿಯ ಗಟಾರದಲ್ಲಿ ಈಗ ತೇಲುವ ಗುಟಕಾ ಚೀಟಿಗಳ ಸುದ್ದಿ ಮಾತ್ರ ತೆಗೆಯಲಿಲ್ಲ. ಮನೆಯ ಮರ್ಯಾದೆ ನೋಡಬೇಕಲ್ಲ.

ರವಿವಾರ

ರವಿವಾರ ಆ ಊರು ನಿದ್ದೆಯಲ್ಲಿರುತ್ತದೆ. ಅಂಗಡಿ ಇಲ್ಲ, ಸಂತೆ ಇಲ್ಲ, ಲೌಡ್‌ಸ್ಪೀಕರ್ ಇಲ್ಲ. ಬೀದಿಯ ನಡುವೆ ನಿಂತು ಕೆಮ್ಮಿದರೆ ನಾನೇ ತಪ್ಪು ಮಾಡಿದ ಹಾಗೆ. ಉಪ್ಪಿನಕಾಯಿಯ ಖಾಲಿ ಬಾಟಲಿ ತೊಳೆದಿಟ್ಟಿದ್ದೆ. ಮೂಲೆಯಲ್ಲಿ ಗಾಜು ಹಾಕುವ ದೊಡ್ಡ ಪೆಟ್ಟಿಗೆಗಳು: ಬಿಳಿ ಗಾಜಿಗೊಂದು, ಹಸಿರಿಗೊಂದು, ಕಂದಿಗೊಂದು. ಬಣ್ಣ ನೋಡಿ, ಖಾತ್ರಿ ಮಾಡಿಕೊಂಡು, ಬಿಳಿಯದಕ್ಕೆ ಬಿಟ್ಟೆ. ಫಳಾರ್!

ಎದುರಿನ ಮನೆಯ ಕಿಟಕಿ ತೆರೆಯಿತು. ಯಾರೋ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ನೀಲಾ ಹೇಳಿದಳು: “ರವಿವಾರ ಬಾಟ್ಲಿ ಒಗೀಬಾರದಕ್ಕಾ. ಸಪ್ಪಳ ಆಕ್ಕೈತಿ, ಮಂದಿ ಆರಾಮ ಇರ್ತಾರ.” ಕಸಕ್ಕೂ ವಾರದ ಸೂಟಿ ಇರುವ ದೇಶ ಅದು. ನಮ್ಮಲ್ಲಿ ಮುಂಜಾನೆ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಯನ್ನೇ ಎಬ್ಬಿಸುತ್ತದೆ. ಗಂಗವ್ವ ಬಕೆಟ್ಟು ಹಿಡಿದು ಓಡುತ್ತ ಡ್ರೈವರನನ್ನು ಬೈಯುತ್ತಾಳೆ, ಅವನು ನಕ್ಕು ಗಾಡಿ ನಿಲ್ಲಿಸುತ್ತಾನೆ. ಆ ಹಾಡು ನೆನಪಾಗಿ ನನಗೆ ಆ ಮೌನದಲ್ಲಿ ಮನೆಯ ಹಂಬಲ ಹತ್ತಿತು.

ಬಿಸಿಲು ಬಿದ್ದ ದಿನ

ಮರುದಿನ ನಸುಕಿನಲ್ಲಿ ನೀಲಾಗೆ ಹೆರಿಗೆಯ ಬ್ಯಾನಿ ಸುರುವಾಯಿತು. ಥಾಮಸ್ ಬಿಳುಚಿಕೊಂಡು ಕಾರಿನ ಕೀಲಿ ಹುಡುಕಿದ. ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರೇ ಇರಬೇಕಂತೆ, ಅವನೇ ಹೋದ. ನೀಲಾ ಬಾಗಿಲಲ್ಲಿ ನನ್ನ ಕೈ ಹಿಡಿದು, “ಫೋನ್ ಬಂದ ಕೂಡ್ಲೆ ಕೌದಿ ತಗೊಂಡ ಬಾ. ಮರೀಬ್ಯಾಡ” ಎಂದಳು. ನರ್ಸಾಗಿ ಎಷ್ಟೋ ಹೆರಿಗೆ ನೋಡಿದವಳ ಕೈ ಐಸಿನಷ್ಟು ತಣ್ಣಗಿತ್ತು.

ಅವರು ಹೋದ ಮೇಲೆ ಮುಗಿಲು ಹರಿಯಿತು. ನಾನು ಬಂದ ಮೇಲೆ ಮೊದಲ ಬಿಸಿಲು! ದೇವರೇ ಕಳಿಸಿದ ಎಂದುಕೊಂಡು ಕೌದಿ ತಂದೆ. ಆದರೆ ಅಂಗಳದ ತುಂಬ ದೊಡ್ಡ ಮರದ ನೆರಳು. ಬಿಸಿಲು ಬಿದ್ದದ್ದು ಗೇಟಿನ ಆಚೆ, ಕಾಲುದಾರಿಯ ಮೇಲೆ. ಅಲ್ಲಿ ಯಾರೋ ಒಂದು ಸೋಫಾ ತಂದಿಟ್ಟಿದ್ದರು. ಪಕ್ಕದಲ್ಲಿ ಎರಡು ಕುರ್ಚಿ, ಒಂದು ಕಪಾಟು, ಒಂದು ದೀಪದ ಕಂಬ. ಬೀದಿಯುದ್ದಕ್ಕೂ ಮನೆಮನೆಯ ಮುಂದೆ ಅಂಥದೇ ಸಾಮಾನು. ನನಗೆ ಎದೆ ತುಂಬಿ ಬಂತು. ದಸರೆಯ ಮುಂದೆ ಬೆಟಗೇರಿಯಲ್ಲಿ ಹೀಗೇ ಅಲ್ಲವೇ? ಸುಣ್ಣ ಹಚ್ಚಲು ಮನೆ ಖಾಲಿ ಮಾಡಿ, ಹೊರಸು, ಟ್ರಂಕು, ಹಾಸಿಗೆ ಎಲ್ಲ ಓಣಿಗೆ ತಂದು ಬಿಸಿಲಿಗೆ ಹಾಕುತ್ತೇವೆ. ಯಾರ ಬಾಗಿಲ ಮುಂದಿನದು ಅವರದೇ. ದಾರಿಯಲ್ಲಿ ಹೋಗುವವರು ಬೇಕಾದರೆ ಹೊರಸಿನ ಮೇಲೆ ಕುಳಿತು ನೀರು ಕೇಳುತ್ತಾರೆಯೇ ಹೊರತು ಒಂದು ದಿಂಬೂ ಅಲುಗುವುದಿಲ್ಲ. ಈ ಮಂದಿಯೂ ನಮ್ಮಂಥವರೇ, ವರ್ಷದ ಸಾರಣೆ ಸುರು ಮಾಡಿದ್ದಾರೆ ಎಂದುಕೊಂಡೆ.

ಸೋಫಾದ ಮೇಲೆ ಕೌದಿ ಹರವಿದೆ. ಕಲೆಗೆ ಹಿಟ್ಟು ಉದುರಿಸಿದೆ. ಕೆಂಪು, ಗಿಳಿಹಸಿರು, ಹಳದಿ ಆ ಬೂದು ಬೀದಿಯಲ್ಲಿ ಹೊತ್ತಿಕೊಂಡು ಉರಿದವು. ಒಳಗೆ ಬಂದು ಫೋನನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತೆ. ಗದಗಿನ ಗಡಿಯಾರ ಮತ್ತೆ ಕಣ್ಣು ಮುಚ್ಚಿಸಿತು. ನಿದ್ದೆಯಲ್ಲಿ ಗುಡುಗುಡು ಸದ್ದು ಕೇಳಿಸಿತು. ಗದಗ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ ಹಾದುಹೋಗುತ್ತಿದೆ ಎಂದು ಆರಾಮವಾಗಿ ಮಗ್ಗಲು ಬದಲಿಸಿದೆ.

ಎಚ್ಚರಾದಾಗ ಬಿಸಿಲಿತ್ತು. ಕಾಲುದಾರಿ ಬೋಳಾಗಿತ್ತು. ಸೋಫಾ ಇಲ್ಲ, ಕಪಾಟು ಇಲ್ಲ, ಕೌದಿ ಇಲ್ಲ.

ಬರಿಗಾಲಲ್ಲಿ ಬೀದಿಗೆ ಓಡಿದೆ. ನನ್ನ ಕೂಗು ಕೇಳಿ ಹೆಲ್ಗಾ ಬಾಯಿ ಇಳಿದು ಬಂದರು. ಅವರು ಬಿಡಿಸಿ ಹೇಳಿದ್ದು ಇಷ್ಟು: ಅವತ್ತು ದೊಡ್ಡ ಸಾಮಾನು ಎಸೆಯುವ ದಿನ. ಬೇಡವಾದದ್ದನ್ನು ಜನ ಗೇಟಿನ ಹೊರಗಿಡುತ್ತಾರೆ. ಹೊರಗಿಟ್ಟ ಗಳಿಗೆಯಿಂದ ಅದು ಯಾರದೂ ಅಲ್ಲ. ಬೇಕಾದವರು ಒಯ್ಯಬಹುದು, ಉಳಿದದ್ದನ್ನು ಲಾರಿ ಒಯ್ಯುತ್ತದೆ. ಲಾರಿ ಈಗಷ್ಟೇ ಹೋಯಿತು.

“ಲಾರಿ ಏನು ಮಾಡುತ್ತದೆ?” ಎಂದೆ.

ಹೆಲ್ಗಾ ಬಾಯಿ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಒತ್ತಿ ತೋರಿಸಿದರು.  ಅವ್ವನನ್ನು ನನ್ನ ಕೈಯಾರೆ ಬೀದಿಗಿಟ್ಟು ಬಂದಿದ್ದೆ.

ಕಸದ ಅಂಗಳ

ಹೆಲ್ಗಾ ಬಾಯಿ ಕೋಟು ಹಾಕಿಕೊಂಡು, ನನ್ನ ಕಾಲಿಗೆ ಚಪ್ಪಲಿ ಹಾಕಿಸಿ, ಟ್ರಾಮು ಹತ್ತಿಸಿದರು. ಲಾರಿಗಳೆಲ್ಲ ಹೋಗಿ ಸೇರುವ ಆ ಊರಿನ ಕಸದ ಅಂಗಳ ನಮ್ಮ ಬಸ್‌ಸ್ಟ್ಯಾಂಡಿಗಿಂತ ಸ್ವಚ್ಛ. ಮೇಲಿನ ಕಟ್ಟೆಗೆ ಏರಿ ನಿಂತರೆ ಕೆಳಗೆ ಸಾಲಾಗಿ ದೊಡ್ಡ ದೊಡ್ಡ ತೊಟ್ಟಿಗಳು. ಲಕ್ಕುಂಡಿಯ ಮೆಟ್ಟಿಲು ಬಾವಿಯ ದಂಡೆಯಲ್ಲಿ ನಿಂತು ಬಗ್ಗಿ ನೋಡಿದ ಹಾಗಾಯಿತು. ಒಂದರಲ್ಲಿ ಬರೀ ಕಟ್ಟಿಗೆ, ಒಂದರಲ್ಲಿ ಕಬ್ಬಿಣ, ಒಂದರಲ್ಲಿ ಸತ್ತ ಟೀವಿಗಳು, ಒಂದರಲ್ಲಿ ಯಾರ ಯಾರದೋ ತೋಟದ ಹುಲ್ಲು. ನಾನು ಪ್ರತಿಯೊಂದರಲ್ಲೂ ಕೆಂಪು ಚೌಕ ಹುಡುಕಿದೆ.

ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು ನಮ್ಮ ಕಥೆ ಕೇಳಿದಳು. ನಕ್ಕಳೇ ಎಂದು ನೋಡಿದೆ, ನಗಲಿಲ್ಲ. ನಮ್ಮ ಬೀದಿಗೆ ಹೋದ ಲಾರಿಯ ಡ್ರೈವರನಿಗೆ ಫೋನು ಹಚ್ಚಿದಳು. ಅವನು ಉತ್ತರಿಸುವತನಕ ನಾನು ಅವಳನ್ನು ಕೇಳಿದೆ: ಹಳೆಯ ಅರಿವೆ ಇಲ್ಲಿಗೆ ಬಂದರೆ ಏನಾಗುತ್ತದೆ? ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಮೊದಲು ವಿಂಗಡಣೆ. ಉಡುವಂಥದು ಮರುಬಳಕೆಗೆ, ಇನ್ನೊಬ್ಬರ ಮೈಗೆ. ಹರಿದದ್ದು ಯಂತ್ರ ಒರೆಸುವ ಚಿಂದಿ. ಇನ್ನೂ ಹರಿದದ್ದನ್ನು ಹಿಂಜಿ ಎಳೆ ಮಾಡಿ ಕಾರಿನ ಸೀಟಿನೊಳಗೆ ತುಂಬುತ್ತಾರೆ, ಅದು ಮರುಸಂಸ್ಕರಣೆ. ಯಾವುದಕ್ಕೂ ಆಗದ ಉಳಿಕೆಯನ್ನು ಸುಡುತ್ತಾರೆ, ಆ ಶಾಖದಿಂದ ನೀರು ಕಾಯಿಸಿ ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ. ಭೂಭರ್ತಿ ಎಂದು ನಾವು ಕರೆಯುವ, ಕಸ ಹೂಳುವ ಗುಂಡಿ ಕಡೆಯದು, ಸುಟ್ಟ ಬೂದಿಗಷ್ಟೇ.

ಇವೇ ಪದಗಳನ್ನು ನಾನು ಕರಿಹಲಗೆಯ ಮೇಲೆ ಎಷ್ಟು ವರ್ಷ ಬರೆದಿಲ್ಲ! ಆಗ ಅವು ಪದಗಳಾಗಿದ್ದವು. ಈಗ ಒಂದೊಂದು ಪದವೂ ಅವ್ವನ ಕೌದಿಯ ಕಡೆ ಕೈ ಚಾಚಿತು. ಹುಡುಗಿ ಹೇಳುತ್ತಲೇ ಇದ್ದಳು, ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಡ್ರೈವರ್ ಮಾತಾಡಿದ. ಸೋಫಾ ನೆನಪಿದೆ, ಎಂದ. ಅದರ ಮೇಲೆ ಹೊದಿಕೆ ಏನೂ ಇರಲಿಲ್ಲ, ಎಂದ. ಸೋಫಾದ ಮೇಲೆ ಹಿಟ್ಟು ಚೆಲ್ಲಿತ್ತಂತೆ, ಅದಕ್ಕೇ ನೆನಪು.

ಅಂದರೆ ಲಾರಿಗೆ ಮೊದಲೇ ಯಾರೋ ಒಯ್ದಿದ್ದಾರೆ. ಅವ್ವ ಸುಟ್ಟುಹೋಗಿರಲಿಲ್ಲ, ಹಿಂಜಿಹೋಗಿರಲಿಲ್ಲ. ಎಲ್ಲಿಯೋ ಇದ್ದಳು. ಎಲ್ಲಿ ಎಂಬುದಷ್ಟೇ ತಿಳಿಯದು.

ಮುಗಿಯದ ಸಂಜೆ

ಕೌದಿ ಒಯ್ದವರು ದಯವಿಟ್ಟು ತಂದುಕೊಡಿ ಎಂದು ಹೆಲ್ಗಾ ಬಾಯಿ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸಿದರು. ಆಮೇಲೆ ಮನೆಮನೆಯ ಗಂಟೆ ಒತ್ತಿ ಕೇಳಿದೆವು. ಯಾರೂ ಕಂಡಿರಲಿಲ್ಲ.

ಫೋನು ಬಂತು. “ಹೆಣ್ಣ ಕೂಸಕ್ಕಾ!” ನೀಲಾಳ ದನಿ ದಣಿದು, ನಲಿದು, ದೂರದಿಂದ ಬಂದ ಹಾಗಿತ್ತು. “ಮೂಗು ಅವ್ವಂದ ಐತಿ. ಕೌದಿ ತಗೊಂಡ ಬಾ ಜಲ್ದಿ.”

“ನೀ ಇವತ್ತ ಮಲಕ್ಕೋ. ನಾಳೆ ತರ್ತೀನಿ” ಎಂದೆ. ಸುಳ್ಳು ಹೇಳಲಿಲ್ಲ, ಖರೆಯನ್ನೂ ಹೇಳಲಿಲ್ಲ. ಫೋನು ಇಟ್ಟ ಮೇಲೆ ಕೂಸು ಹುಟ್ಟಿದ ಖುಷಿಗೆ ನಗು ಬಂತು, ಕೌದಿಯ ನೆನಪಿಗೆ ಅದು ಅಲ್ಲೇ ಮುರಿಯಿತು.

ಬೆಳಕು ಕರಗದೆ ನಿಂತಿತ್ತು. ಕುರ್ಚಿಯಲ್ಲಿ ಒರಗಿದೆ. ಕನಸೋ ಮಂಪರೋ, ನಾನು ಕೌದಿಯ ಹಿಂದೆ ಹೊರಟಿದ್ದೆ. ಉದ್ದನೆಯ ಪಟ್ಟಿಯ ಮೇಲೆ ಅದು ಸಾಗುತ್ತಿತ್ತು. ಒಂದು ಕೈ ಪ್ರತಿ ಚೌಕವನ್ನೂ ಮುಟ್ಟಿ “ನೀ ಯಾರು?” ಎಂದು ಕೇಳುತ್ತಿತ್ತು. “ನಾ ಲಕ್ಷ್ಮೇಶ್ವರದಾಕಿ” ಎಂದಿತು ಗಿಳಿಹಸಿರು. “ನಾ ಶಿರಹಟ್ಟಿಯಾಕಿ” ಎಂದಿತು ಬೂದು. ಹೇಳಿದ ಕೂಡಲೇ ಅವು ಹೊಲಿಗೆ ಬಿಚ್ಚಿಕೊಂಡು ಬೇರೆ ಬೇರೆ ಡಬ್ಬಿಗೆ ನಡೆದವು, ಸಂತೆ ಮುಗಿಸಿ ತಮ್ಮ ತಮ್ಮ ಬಸ್ಸು ಹತ್ತುವ ಹೆಂಗಸರ ಹಾಗೆ. ಮುಂದೆ ಅವು ಎಳೆಯಾದವು, ಎಳೆ ನೂಲಿನ ಧೂಳಾಯಿತು, ಧೂಳು ಬೆಂಕಿಯಾಗಿ ಬೆಚ್ಚನೆಯ ನೀರಾಗಿ ಊರಿನ ಕೊಳವೆಗಳಲ್ಲಿ ಹರಿಯಿತು. ನಾನು ಗೋಡೆಗೆ ಕೆನ್ನೆ ಇಟ್ಟೆ. ಗೋಡೆ ಬೆಚ್ಚಗಿತ್ತು. ಕರಿ ಡಬ್ಬಿಯ ಮುಚ್ಚಳದ ಮೇಲೆ ಅವ್ವ ಕಾಲು ಇಳಿಬಿಟ್ಟು ಕುಳಿತು ನಶ್ಯ ಏರಿಸುತ್ತಿದ್ದಳು. “ಅವ್ವಾ, ಇಳಿ, ಅದು ಉಳಿಕಿ ಕಸದ್ದು” ಎಂದು ಕೂಗಿದೆ. “ಇರ್ಲಿ ಬಿಡವಾ, ಗಾಳಿ ಚಲೋ ಬರಾಕತ್ತೈತಿ ಇಲ್ಲೆ” ಎಂದಳು. ಎಚ್ಚರಾದಾಗಲೂ ಕಿಟಕಿಯಲ್ಲಿ ಅದೇ ಸಂಜೆ ಇತ್ತು.

ಗೇಟಿನ ಬಳಿ

ಮುಂಜಾನೆ ಗೇಟಿನ ಕಾಗದದ ಮುಂದೆ ಒಬ್ಬ ಮುದುಕ ನಿಂತು ಓದುತ್ತಿದ್ದ. ಕಾಲ ಬಳಿ ಕುಂಟುವ ಮುದಿ ನಾಯಿ. ಅವನ ತೋಳಿನಲ್ಲಿ ಒ‌ಪ್ಪವಾಗಿ ಮಡಿಚಿದ ಕೌದಿ!

ಹೇಗೆ ಗೇಟು ತೆಗೆದೆನೋ ತಿಳಿಯದು. ಕೌದಿಯನ್ನು ಎಳೆದುಕೊಂಡು ಎದೆಗೊತ್ತಿಕೊಂಡೆ. ಹೆಲ್ಗಾ ಬಾಯಿ ಓಡಿ ಬಂದು, ಮುದುಕ ಹೇಳಿದ್ದನ್ನು ತುಂಡು ತುಂಡಾಗಿ ನನಗೆ ದಾಟಿಸಿದರು. ನಾಯಿಗೆ ಮೂಳೆ ನೋವು. ನೆಲ ತಣ್ಣಗೆಂದು ಏನಾದರೂ ದಪ್ಪನೆಯದು ಹುಡುಕುತ್ತಿದ್ದ. ಸೋಫಾದ ಮೇಲೆ ಇದು ಕಂಡಿತು, ಒಯ್ದು ನಾಯಿಗೆ ಹಾಸಿದ.

“ನಾಯಿಗೆ?” ನನ್ನ ದನಿ ಬೀದಿಯ ತುದಿಗೆ ಮುಟ್ಟಿರಬೇಕು. ಹೆಲ್ಗಾ ಬಾಯಿ ನನ್ನ ಭುಜ ಅದುಮಿದರು.

ನಿನ್ನೆ ನಾಯಿ ಅದರ ಮೇಲೆ ಮಲಗಿತಂತೆ, ಮುದುಕ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡು ಕುಳಿತನಂತೆ. ಆಗ ಹೊಲಿಗೆಗಳು ಕಂಡವು. ಸಾಲಿನ ಮೇಲೆ ಸಾಲು, ಎಲ್ಲ ಕೈಯವು. ಒಂದು ಕಡೆ ಸಾಲು ಸೊಟ್ಟಗಾಗಿ, ಬಿಚ್ಚಿ, ಮತ್ತೆ ಹಾಕಿದ ಗುರುತಿತ್ತಂತೆ. ಇಷ್ಟು ಹೊಲಿದವರು ಇದನ್ನು ಎಸೆಯುವುದಿಲ್ಲ, ಯಾರೋ ತಪ್ಪಿ ಇಟ್ಟಿದ್ದಾರೆ ಎಂದುಕೊಂಡು ನಾಯಿಯನ್ನು ಎಬ್ಬಿಸಿದನಂತೆ. ನಾಯಿ ಮಲಗಿದ್ದನ್ನು ಹಾಗೇ ಹಿಂತಿರುಗಿಸುವುದು ಹೇಗೆ? ಅದಕ್ಕೆ ಬಚ್ಚಲ ತೊಟ್ಟಿಯಲ್ಲಿ ನೆನೆಹಾಕಿ, ಎಣ್ಣೆಯ ಕಲೆ ಹೋಗುವತನಕ ತಿಕ್ಕಿ ತಿಕ್ಕಿ ತೊಳೆದನಂತೆ. ಯಂತ್ರದಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ತಂದಿದ್ದ. ತಡವಾಯಿತು, ಕ್ಷಮಿಸಿ ಎಂದ.

ನಾನು ಕೌದಿಗೆ ಮುಖ ಒತ್ತಿದೆ. ಯಾವುದೋ ಹೂವಿನ ಸೋಪು. ತಿರುವಿ ಹಾಕಿ ಇನ್ನೊಂದು ಮಗ್ಗಲು ಮೂಸಿದೆ. ಅಲ್ಲಿಯೂ ಹೂವು. ಹೊಗೆ ಇಲ್ಲ, ಕೊಬ್ಬರಿ ಎಣ್ಣೆ ಇಲ್ಲ, ನಶ್ಯ ಇಲ್ಲ. ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ, ಚೆನ್ನಾಗಿ ತೊಳೆದಿದ್ದೇನೆಯೇ ಎಂದು ಕೇಳುವ ಹಾಗೆ. ಇವನನ್ನು ಬೈಯಲೇ, ಕಾಲಿಗೆ ಬೀಳಲೇ ತಿಳಿಯಲಿಲ್ಲ. ಕೈ ಮುಗಿದೆ. ಬಾಣಂತಿಗೆಂದು ತಂದಿದ್ದ ಅಂಟಿನ ಉಂಡೆ ಅವನ ಕೈಗೆ ಕೊಟ್ಟೆ. ಅರ್ಧ ತಾನು ತಿಂದು ಅರ್ಧ ನಾಯಿಗೆ ಹಾಕಿದ.

ಆಸ್ಪತ್ರೆ

ಟ್ರಾಮಿನಲ್ಲಿ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ನೀಲಾಳ ಮೂಗಿಗೆ ಹೆದರುತ್ತ ಹೋದೆ.

ಅವಳು ದಿಂಬಿಗೊರಗಿದ್ದಳು. ಥಾಮಸ್ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಕೂಸು ಕೆಂಪಗೆ, ಮುಷ್ಟಿ ಬಿಗಿದು ಮಲಗಿತ್ತು. ಮೂಗು ಖರೇನೇ ಅವ್ವನದು. ನೀಲಾ ಎರಡೂ ಕೈ ಚಾಚಿ ಕೌದಿ ತೆಗೆದುಕೊಂಡಳು, ಮುಖ ಒತ್ತಿದಳು. ಮುಖ ಎತ್ತಿ ನನ್ನನ್ನು ನೋಡಿದಳು.

“ತೊಳದೀಯೇನ?”

ನಾನು ಎಲ್ಲ ಹೇಳಿದೆ. ಸೋಫಾ, ಲಾರಿ, ಕಸದ ಅಂಗಳ, ಮುದುಕ, ನಾಯಿ. ಯಾವುದನ್ನೂ ಬಿಡಲಿಲ್ಲ. “ನನ್ನ ಬೈ, ಹೊಡಿ, ಏನರ ಮಾಡು. ಅವ್ವನ್ನ ನಾನ ಬೀದ್ಯಾಗ ಇಟ್ಟ ಬಂದೆ” ಎಂದು ಅತ್ತೆ.

ನೀಲಾ ಕೌದಿಯನ್ನು ಮಡಿಲ ಮೇಲೆ ಹರವಿಕೊಂಡಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೆರಳುಗಳು ಹೊಲಿಗೆಯ ಸಾಲುಗಳ ಮೇಲೆ ನಿಧಾನಕ್ಕೆ ಹರಿದಾಡುತ್ತಿದ್ದವು. ಆಮೇಲೆ ಮೂಗೆಳೆದುಕೊಂಡು ಕೇಳಿದಳು:

“ಅಕ್ಕಾ, ಒಂದ ಮಾತ ಖರೆ ಹೇಳು. ಅವ್ವ ಇಲ್ಲಿ ಬಂದಿದ್ರ, ತಾ ಹೋದಾಗಿಂದ ಆರು ತಿಂಗಳ ಟ್ರಂಕಿನ್ಯಾಗ ಬಿದ್ದಿದ್ದ, ಉಪ್ಪಿನಕಾಯಿ ಎಣ್ಣಿ ಕುಡದಿದ್ದ ಕೌದಿ ಒಳಗ ಹಸಗೂಸು ಮಲಗಸಾಕ ಬಿಡ್ತಿದ್ಳೇನ?”

 ಬಿಡುತ್ತಿರಲಿಲ್ಲ. ನಮ್ಮಿಬ್ಬರ ಬೆನ್ನಿಗೂ ಒಂದೊಂದು ಗುದ್ದಿ, ಸೆರಗು ಸಿಕ್ಕಿಸಿಕೊಂಡು, ಬಿಸಿನೀರು ಕಾಯಿಸಿ ತಾನೇ ತೊಳೆಯಲು ಕೂತುಬಿಡುತ್ತಿದ್ದಳು.

“ಬಿಡ್ತಿರಲಿಲ್ಲ” ಎಂದೆ.

“ಮತ್ತ? ಅವ್ವ ಮಾಡೂ ಕೆಲಸ ಆ ಅಜ್ಜ ಮಾಡ್ಯಾನ. ನಾನ ಹುಚ್ಚಿ, ವಾಸನಿ ಹಿಡಕೊಂಡ ಕುಂತಿದ್ದೆ.” ಹಾಗೆಂದಳೇ ಹೊರತು ಮತ್ತೊಮ್ಮೆ ಕೌದಿಯನ್ನು ಮೂಸಿ ನೋಡಿದಳು, ಎಲ್ಲಿಯಾದರೂ ಚೂರು ಸಿಕ್ಕೀತೇ ಎಂದು.

ಕೂಸನ್ನು ಎತ್ತಿದೆವು. ಆಸ್ಪತ್ರೆಯವರ ಅಂಗಿ, ಲಂಗೋಟಿ ಎಲ್ಲ ಬಿಚ್ಚಿ, ಹುಟ್ಟಿದ ಮೈಯಲ್ಲೇ ನಡುವಿನ ಕೆಂಪು ಚೌಕದ ಮೇಲೆ ಮಲಗಿಸಿ ನಾಲ್ಕೂ ಕಡೆಯಿಂದ ಮಡಿಚಿದೆವು. ಅದು ಒಮ್ಮೆ ಮೈ ಮುರಿಯಿತು, ಹುಬ್ಬು ಗಂಟಿಕ್ಕಿ ಏನನ್ನೋ ಯೋಚಿಸಿತು. ಮರುಗಳಿಗೆಗೆ ನನ್ನ ಅಂಗೈಗೆ ಬಿಸಿ ತಾಗಿತು. ಇಸ್ತ್ರಿಯಾಗಿ, ಹೂವಾಗಿ ಬಂದಿದ್ದ ಕೌದಿಯ ನಟ್ಟನಡುವೆ ಒದ್ದೆ ಹರಡಿ, ಕೆಂಪು ಇನ್ನೂ ಕೆಂಪಾಯಿತು.

“ಅಯ್ಯ, ತಾ ಇಲ್ಲೆ, ತೊಳದ ತರ್ತೀನಿ!” ಎಂದು ನಾನು ಎಳೆಯಲು ಹೋದೆ.

ನೀಲಾ ಬಿಡಲಿಲ್ಲ. ಕೂಸಿನ ಸಮೇತ ಕೌದಿಯನ್ನು ಎತ್ತಿ ಮುಖಕ್ಕೆ ಹಿಡಿದು, ಉಸಿರೆಳೆದುಕೊಂಡು, ಗಟ್ಟಿಯಾಗಿ ನಕ್ಕಳು. ಥಾಮಸ್ ದಡಬಡಿಸಿ ಎದ್ದ.

“ಈಗ ನೋಡಕ್ಕಾ, ಈಗ ಕೌದಿ ವಾಸನಿ ಬಂತು!”

ಅವ್ವ ಹೋದ ಮೇಲೆ ನಾವಿಬ್ಬರೂ ಎದುರೆದುರು ಕುಳಿತು ಅತ್ತದ್ದು ಅವತ್ತೇ ಮೊದಲು, ನಗುತ್ತಲೇ ಅತ್ತೆವು.